ಒಂದು ಇಡೀ ಸರ್ವರನ್ನೇ ತಡೆಯುವುದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೇ?

ಹೊಂಗೆನೆರಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕನ್ನಡದಲ್ಲಿ ಓದುವ, ಬರೆಯುವ ಕೆಲವು ನೂರು ಮಂದಿ ಇರುವ ಒಂದು ಚಿಕ್ಕ ಮಾಸ್ಟೋಡಾನ್ ಸರ್ವರನ್ನು ನಾವು ಮೂವರು ಸೇರಿ ನಡೆಸುತ್ತಿದ್ದೇವೆ. ಮಾಸ್ಟೋಡಾನ್ ಎಂದರೆ ಟ್ವಿಟರಿನಂಥ ಜಾಲ, ಆದರೆ ಒಂದೇ ಕಂಪನಿಯದಲ್ಲ; ಬೇರೆ ಬೇರೆಯವರು ನಡೆಸುವ ಸರ್ವರುಗಳು ಪರಸ್ಪರ ಸಂಪರ್ಕ ಹೊಂದಿ ಆದದ್ದು. ಇಬ್ಬರು ಬೆಂಗಳೂರಿನಲ್ಲಿದ್ದೇವೆ, ಒಬ್ಬರು ಜರ್ಮನಿಯಲ್ಲಿದ್ದಾರೆ. ಸರ್ವರ್ ಇರುವುದೂ ಜರ್ಮನಿಯಲ್ಲಿಯೇ. ಖರ್ಚು ಸದಸ್ಯರ ವಂತಿಗೆಯಿಂದ ಸಾಗುತ್ತದೆ.

ಇತ್ತೀಚೆಗೆ ಹೊರಗಿನ ಒಂದು ಸರ್ವರಿನ ಖಾತೆಗಳಿಂದ ನಮ್ಮ ಇಬ್ಬರು ಬರಹಗಾರ್ತಿಯರಿಗೆ ಹೊಲಸು ಮಾತಿನ ಉತ್ತರಗಳು ಒಂದೇ ಸಮನೆ ಬರತೊಡಗಿದವು. ಒಂದು ಖಾತೆಯನ್ನು ತಡೆದರೆ ಇನ್ನೊಂದು ಹೆಸರಿನಲ್ಲಿ ಬರುತ್ತಾರೆ. ಆ ಸರ್ವರಿನ ಅಡ್ಮಿನ್‌ಗೆ ದೂರು ಕಳುಹಿಸಿದರೆ, ತಮ್ಮಲ್ಲಿ ಯಾರ ಮಾತನ್ನೂ ಅಳಿಸುವುದಿಲ್ಲ, ಬೇಡವಾದವರು ಓದದಿದ್ದರಾಯಿತು ಎಂಬ ಉತ್ತರ ಬಂತು. ಆದ್ದರಿಂದ ಆ ಸರ್ವರಿನೊಂದಿಗಿನ ಸಂಪರ್ಕವನ್ನೇ ಕಡಿದುಹಾಕಬೇಕೆಂದು ನಮ್ಮಲ್ಲಿ ಇಬ್ಬರ ಅಭಿಪ್ರಾಯ.

ಇದಕ್ಕೆ ಹಳೆಯ ಸದಸ್ಯರೊಬ್ಬರು ಬಲವಾಗಿ ಆಕ್ಷೇಪಿಸಿದ್ದಾರೆ. ಅವರು 2019ರ ನವೆಂಬರಿನಲ್ಲಿ ಮಾಸ್ಟೋಡಾನಿಗೆ ಬಂದವರು. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತುಗೊಳಿಸಿದ್ದು, ನಾಜಿ ವಂದನೆ ಸಲ್ಲಿಸಲು ಒಪ್ಪದೆ ಕೈಕಟ್ಟಿ ನಿಂತ ಜರ್ಮನ್ ಕಾರ್ಮಿಕನ, ಅವರು ಖಾತೆಯಲ್ಲಿ ಹಾಕಿಕೊಂಡಿದ್ದ ಚಿತ್ರವೇ ದ್ವೇಷದ ಚಿತ್ರವೆನಿಸಿಕೊಂಡದ್ದು, ಅದನ್ನು ಪ್ರತಿಭಟಿಸಿ ಭಾರತದ ಅನೇಕರು ಮಾಸ್ಟೋಡಾನಿನಲ್ಲಿ ಖಾತೆ ತೆರೆದದ್ದು ಹಲವರಿಗೆ ನೆನಪಿರಬಹುದು. "ಒಂದು ಕಂಪನಿಯ ದರ್ಬಾರು ಬೇಡವೆಂದು ಬಂದವರು ನಾವು, ಈಗ ಮೂವರ ದರ್ಬಾರಿಗೆ ತಲೆಬಾಗಬೇಕೇ?" ಎಂದು ಅವರು ಕೇಳುತ್ತಾರೆ. ಅವರ ಗೆಳೆಯರು ಕೆಲವರು ಅದೇ ಸರ್ವರಿನಲ್ಲಿದ್ದಾರೆ, ಆ ಗೆಳೆಯರದು ಏನೂ ತಪ್ಪಿಲ್ಲ.

ಅಭಿವ್ಯಕ್ತಿ ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 19ನೆಯ ವಿಧಿ ನಮ್ಮಂಥ ಚಿಕ್ಕ ಸರ್ವರಿಗೆ ಅನ್ವಯಿಸುತ್ತದೆಯೇ? ಅನ್ವಯಿಸದಿದ್ದರೂ, ನ್ಯಾಯವಾಗಿ ನಡೆದುಕೊಳ್ಳುವ ಕ್ರಮ ಯಾವುದು?

ತುಂಗಾತೀರ

ಕಾನೂನನ್ನು ಬಲ್ಲವರು ಹೇಳಲಿ. ನಾನು ಹಲವು ವರ್ಷಗಳಿಂದ ಸರ್ವರ್ ನೋಡಿಕೊಳ್ಳುತ್ತಿರುವವನು, ತಡೆಯುವುದೆಂದರೆ ವಾಸ್ತವದಲ್ಲಿ ಏನಾಗುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ, ಏಕೆಂದರೆ ಈ ವಾದಗಳಲ್ಲಿ ಅರ್ಧದಷ್ಟು ಅದನ್ನು ತಿಳಿಯದೆಯೇ ನಡೆಯುತ್ತವೆ.

ಮಾಸ್ಟೋಡಾನಿನಲ್ಲಿ ಹೊರಗಿನ ಸರ್ವರನ್ನು ಎರಡು ಹಂತಗಳಲ್ಲಿ ನಿಯಂತ್ರಿಸಬಹುದು. ಮೊದಲನೆಯದು ಮಿತಿ ಹಾಕುವುದು: ಆ ಸರ್ವರಿನ ಪೋಸ್ಟುಗಳು ಎಲ್ಲರ ಪೋಸ್ಟುಗಳು ಬರುವ ಸಾರ್ವಜನಿಕ ಸಾಲಿನಲ್ಲಿ ಕಾಣಿಸುವುದಿಲ್ಲ, ಫಾಲೋ ಮಾಡದವರಿಗೆ ಅಲ್ಲಿಂದ ಸೂಚನೆ ಬರುವುದಿಲ್ಲ, ಆದರೆ ಫಾಲೋ ಮಾಡುತ್ತಿರುವವರ ನಂಟು ಹಾಗೆಯೇ ಉಳಿಯುತ್ತದೆ. ಎರಡನೆಯದು ಪೂರ್ಣ ಅಮಾನತು: ಎರಡೂ ಕಡೆಯ ಫಾಲೋಗಳು ಕಡಿದುಹೋಗುತ್ತವೆ, ಮುಂದೆ ಅಮಾನತನ್ನು ತೆಗೆದರೂ ಅವು ತಾವಾಗಿ ಮರಳುವುದಿಲ್ಲ. 4.3ನೆಯ ಆವೃತ್ತಿಯಿಂದ, ಹೀಗೆ ಕಡಿದುಹೋದ ನಂಟುಗಳ ಸೂಚನೆ ಸದಸ್ಯರಿಗೆ ಹೋಗುತ್ತದೆ. ಅದಕ್ಕೆ ಮೊದಲು ಗೆಳೆಯರು ಏಕೆ ಮೌನವಾದರೆಂದು ತಿಂಗಳುಗಟ್ಟಲೆ ತಿಳಿಯದೆ ಇದ್ದವರೂ ಉಂಟು.

ಎರಡರಲ್ಲಿ ಯಾವುದನ್ನು ಮಾಡಿದರೂ ಆ ಸರ್ವರಿನ ಒಂದು ಅಕ್ಷರವೂ ಅಳಿಯುವುದಿಲ್ಲ. ಇದಕ್ಕೆ ದೊಡ್ಡ ಉದಾಹರಣೆ ಗ್ಯಾಬ್. ಅಮೆರಿಕದ ಬಲಪಂಥೀಯ ತೀವ್ರವಾದಿಗಳ ತಾಣವೆಂದು ಹೆಸರಾಗಿದ್ದ ಗ್ಯಾಬ್ 2019ರ ಜುಲೈನಲ್ಲಿ ಮಾಸ್ಟೋಡಾನ್ ತಂತ್ರಾಂಶವನ್ನೇ ತನ್ನದಾಗಿಸಿಕೊಂಡು ಈ ಜಾಲಕ್ಕೆ ಬಂದಿತು. ತಂತ್ರಾಂಶ ಮುಕ್ತವಾದ್ದರಿಂದ ಅದನ್ನು ಸ್ಥಾಪಿಸಿದ ಯೂಜೆನ್ ರೊಖ್ಕೊ ಅವರಿಗೂ ತಡೆಯುವ ದಾರಿಯಿರಲಿಲ್ಲ. ಆದರೆ ಬಹುತೇಕ ಸರ್ವರುಗಳು ತಾವು ತಾವೇ ಸಂಪರ್ಕ ಕಡಿದುಕೊಂಡವು. ಮಾಸ್ಟೋಡಾನ್ ಬಳಸಲು ಇರುವ ಟಸ್ಕಿಯಂಥ ಆ್ಯಪ್ ಗ್ಯಾಬ್ ಖಾತೆಯಿಂದ ಲಾಗಿನ್ ಆಗುವುದನ್ನೇ ನಿಲ್ಲಿಸಿತು. ಗ್ಯಾಬ್ ಮಾತಾಡುತ್ತಲೇ ಇತ್ತು, ಕೇಳುವವರನ್ನು ಮಾತ್ರ ಅದು ಬಲವಂತದಿಂದ ಪಡೆಯಲಾಗಲಿಲ್ಲ. ನಮ್ಮ ಜಗಲಿಯ ಮೇಲೆ ಯಾರು ಕೂರಬೇಕೆಂದು ನಾವು ಹೇಳಬಹುದು, ಬೀದಿಯಲ್ಲಿ ಯಾರು ನಡೆಯಬೇಕೆಂದು ಹೇಳಲಾಗದು.

ಇನ್ನೊಂದು ಸಂಗತಿಯನ್ನು ಸದಸ್ಯರು ಗಮನಿಸುವುದೇ ಇಲ್ಲ. ಹೊರಗಿನ ಪೋಸ್ಟಿನ ಚಿತ್ರವೊಂದು ನಮ್ಮವರಿಗೆ ಕಾಣಬೇಕಾದರೆ ಅದರ ನಕಲು ನಮ್ಮ ಡಿಸ್ಕಿನಲ್ಲಿಯೇ ಬಂದು ಕೂರುತ್ತದೆ. ಜಪಾನಿನ ಪಾವೂ ಸರ್ವರಿನಲ್ಲಿ ಬರುತ್ತಿದ್ದ, ಮಕ್ಕಳನ್ನು ಲೈಂಗಿಕವಾಗಿ ತೋರಿಸುವ ಕೆಲವು ರೇಖಾಚಿತ್ರಗಳನ್ನು ಅಲ್ಲಿನ ಕಾನೂನು ಸಹಿಸುತ್ತಿತ್ತು, ಯೂರೋಪಿನ ಹಲವು ದೇಶಗಳ ಕಾನೂನು ಸಹಿಸುತ್ತಿರಲಿಲ್ಲ. 2017ರಲ್ಲಿಯೇ ಯೂರೋಪಿನ ಅನೇಕ ಅಡ್ಮಿನ್‌ಗಳು ಪಾವೂವನ್ನು ತಡೆದದ್ದಕ್ಕೆ ಅಭಿರುಚಿಯಷ್ಟೇ ಕಾರಣವಾಗಿರಲಿಲ್ಲ, ತಮ್ಮ ಮನೆ ಬಾಗಿಲಿಗೆ ಪೊಲೀಸರು ಬಂದಾರೆಂಬ ಭಯವೂ ಇತ್ತು. ನಿಮ್ಮ ಸರ್ವರ್ ಜರ್ಮನಿಯಲ್ಲಿದೆ. ಡಿಸ್ಕಿನಲ್ಲಿರುವುದಕ್ಕೆ ಅಲ್ಲಿ ಉತ್ತರ ಹೇಳಬೇಕಾದವರು ಯಾರೆಂಬುದನ್ನು ಮೂವರೂ ಒಮ್ಮೆ ಕೂತು ಯೋಚಿಸಿ.

ನನ್ನ ಸಲಹೆ: ಮೊದಲು ಮಿತಿ ಹಾಕಿ. ಫಲವಿಲ್ಲದಿದ್ದರೆ ಅಮಾನತು.

ಕಡತಪ್ರಿಯ

19ನೆಯ ವಿಧಿಯ ಬಗ್ಗೆ ಕೇಳಿದ್ದೀರಿ. ಆ ಹಕ್ಕು ಮೂಲತಃ ಪ್ರಭುತ್ವದ ವಿರುದ್ಧ ನಾಗರಿಕನಿಗೆ ಇರುವ ರಕ್ಷಣೆ. ಖಾಸಗಿಯವರ ವಿರುದ್ಧವೂ ಅದನ್ನು ಜಾರಿಗೊಳಿಸಬಹುದೇ ಎಂಬುದು ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಮುಂದೆ ಬಂದಿತ್ತು. 2023ರ ಜನವರಿಯ ತೀರ್ಪಿನಲ್ಲಿ ಬಹುಮತದವರು ಹೌದೆಂದರು, ನಮ್ಮ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ಒಪ್ಪದೆ ಪ್ರತ್ಯೇಕವಾಗಿ ಬರೆದರು. ಆ ಬಹುಮತವನ್ನು ಹಿಡಿದುಕೊಂಡು ಯಾರಾದರೂ ನಿಮ್ಮ ಮೂವರ ಮೇಲೆ ರಿಟ್ ಹಾಕಿಯಾರೇ? ನಾನಂತೂ ನಿದ್ದೆಗೆಡುವುದಿಲ್ಲ. ಆಕ್ಷೇಪಿಸುವ ಸದಸ್ಯರಿಗೆ ಮಾತಾಡುವ ಹಕ್ಕಿದೆ. ಬೇರೊಬ್ಬರ ಮಾತನ್ನು ನಿಮ್ಮ ಯಂತ್ರದ ಮೂಲಕ, ನಿಮ್ಮ ಖರ್ಚಿನಲ್ಲಿ ಸಾಗಿಸಬೇಕೆಂದು ಒತ್ತಾಯಿಸುವ ಹಕ್ಕು ಅದರಿಂದ ಹುಟ್ಟುವುದಿಲ್ಲ.

ನಿಮ್ಮನ್ನು ನಿಜವಾಗಿ ತಟ್ಟುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಕಲಮು. ಬೇರೆಯವರು ಬರೆದದ್ದಕ್ಕೆ ಅದನ್ನು ಸಾಗಿಸುವ ಮಧ್ಯವರ್ತಿಯನ್ನು, ಅಂದರೆ ನಿಮ್ಮಂಥವರನ್ನು, ಹೊಣೆ ಮಾಡಬಾರದೆಂಬ ರಕ್ಷಣೆ ಅಲ್ಲಿದೆ. 2015ರ ಶ್ರೇಯಾ ಸಿಂಘಾಲ್ ತೀರ್ಪು ಆಕ್ಷೇಪಾರ್ಹ ಆನ್‌ಲೈನ್ ಬರಹವನ್ನು ಅಪರಾಧವಾಗಿಸಿದ್ದ 66ಎ ಕಲಮನ್ನು ರದ್ದುಗೊಳಿಸಿದ್ದು ಎಲ್ಲರಿಗೂ ಗೊತ್ತು. ಅದೇ ತೀರ್ಪು 79ರ ಅಡಿಯಲ್ಲಿ "ಗೊತ್ತಿತ್ತು" ಎನ್ನಬೇಕಾದರೆ ನ್ಯಾಯಾಲಯದ ಆದೇಶವೋ ಸರ್ಕಾರದ ಅಧಿಸೂಚನೆಯೋ ಬಂದಿರಬೇಕು, ಯಾರೋ ಕಳುಹಿಸಿದ ದೂರು ಸಾಲದು ಎಂದೂ ಹೇಳಿತು. ಅದೇ ಕಾಯಿದೆಯಡಿ ಬಂದ 2021ರ ನಿಯಮಗಳಲ್ಲಿ ದೊಡ್ಡ ಕಂಪನಿಗಳ ಮೇಲಿನ ಭಾರಗಳು, ಅಂದರೆ ಅನುಪಾಲನಾ ಅಧಿಕಾರಿಯ ನೇಮಕ ಮುಂತಾದವು, ಭಾರತದಲ್ಲಿ 50 ಲಕ್ಷ ನೋಂದಾಯಿತ ಬಳಕೆದಾರರನ್ನು ಮೀರಿದವರಿಗೆ ಮಾತ್ರ. ಆದರೆ ಕುಂದುಕೊರತೆ ಕೇಳಲು ಒಬ್ಬರನ್ನು ನೇಮಿಸಿ ಅವರ ಹೆಸರನ್ನು ಪ್ರಕಟಿಸುವ ಕರ್ತವ್ಯ ಚಿಕ್ಕವರಿಗೂ ಇದೆ. ನಿಮ್ಮ ಸರ್ವರಿನಲ್ಲಿ ಅದು ಆಗಿದೆಯೇ? ಬಹುಶಃ ಇಲ್ಲ, ಹವ್ಯಾಸಕ್ಕೆ ಸರ್ವರ್ ನಡೆಸುವವರು ಯಾರೂ ಇದನ್ನು ಓದಿರುವುದಿಲ್ಲ. ಇನ್ನು, ವಿಷಯವನ್ನು ತೆಗೆದರೆ ಮಧ್ಯವರ್ತಿಯ ರಕ್ಷಣೆ ಹೋಗುತ್ತದೆಂಬ ಹೆದರಿಕೆ ಬೇಡ. ನಿಯಮಗಳಿಗೆ ಅನುಗುಣವಾಗಿ ಸ್ವಇಚ್ಛೆಯಿಂದ ತೆಗೆದರೂ ರಕ್ಷಣೆ ಉಳಿಯುತ್ತದೆ ಎಂದು ಅಲ್ಲಿಯೇ ಬರೆದಿದೆ.

ಸರ್ಕಾರ ಮತ್ತು ಕಂಪನಿಗಳ ಜಗಳ ಬೇರೆಯೇ ಮಟ್ಟದ್ದು. ತಡೆ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರಿನ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾಗೊಳಿಸಿತು. ವಿಷಯವನ್ನು ತೆಗೆಯುವಂತೆ ಸರ್ಕಾರ ಸೂಚನೆ ಕಳುಹಿಸುವ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ (ಟ್ವಿಟರಿನ ಹೊಸ ಹೆಸರು) ಕಂಪನಿ ತಂದ ಅರ್ಜಿಯೂ 2025ರ ಸೆಪ್ಟೆಂಬರಿನಲ್ಲಿ ಅಲ್ಲಿಯೇ ವಜಾ ಆಯಿತು. ಅಷ್ಟು ದೊಡ್ಡ ಕಂಪನಿ ವಕೀಲರ ದಂಡಿನೊಂದಿಗೆ ಹೋಗಿಯೂ ಹೀಗಾಗಿರುವಾಗ, ನಾಳೆ ನಿಮಗೊಂದು ಆದೇಶ ಬಂದರೆ ನೀವು ನ್ಯಾಯಾಲಯದ ಮೆಟ್ಟಿಲು ಹತ್ತುತ್ತೀರಾ, ಅಥವಾ ಅಂದು ರಾತ್ರಿಯೇ ಪೋಸ್ಟನ್ನು ತೆಗೆಯುತ್ತೀರಾ? ಅಭಿವ್ಯಕ್ತಿ ಸ್ವಾತಂತ್ರ್ಯದ ಕಳವಳ ನಿಮ್ಮ ಸದಸ್ಯರಿಗೆ ಇರುವುದಾದರೆ, ಅವರು ಕೇಳಬೇಕಾದದ್ದು ಈ ಪ್ರಶ್ನೆಯನ್ನು.

ಒಂಟಿದನಿ

ಮೇಲಿನ ಇಬ್ಬರೂ ವಿಷಯವನ್ನು ತುಸು ಹಗುರ ಮಾಡಿದ್ದಾರೆಂದು ನನಗನಿಸುತ್ತದೆ. ಜಗಲಿಯ ಮಾತನ್ನು ಒಪ್ಪಬಹುದಿತ್ತು, ಆ ಜಗಲಿಯಲ್ಲಿ ನೂರಾರು ಜನರು ಬದುಕುತ್ತಿರದಿದ್ದರೆ. ಅಡ್ಮಿನ್ ತನಗೆ ಕೇಳಬೇಡವೆಂದು ಕಿವಿ ಮುಚ್ಚಿಕೊಂಡರೆ ಅದು ಅವನ ಸ್ವಾತಂತ್ರ್ಯ. ತನ್ನ ಸದಸ್ಯರೆಲ್ಲರ ಕಿವಿಯನ್ನು ಅವನೇ ಮುಚ್ಚಿದರೆ ಅದು ಅಧಿಕಾರ. ಇಷ್ಟವಿಲ್ಲದಿದ್ದರೆ ಬೇರೆ ಸರ್ವರಿಗೆ ಹೋಗಿ ಎನ್ನುವುದು ಸುಲಭ. ಖಾತೆ ವರ್ಗಾಯಿಸಿದರೆ ಫಾಲೋ ಮಾಡುವವರು ಜೊತೆಗೆ ಬರುತ್ತಾರೆ, ವರ್ಷಗಟ್ಟಲೆ ಬರೆದ ಪೋಸ್ಟುಗಳು ಬರುವುದಿಲ್ಲ. ಬರಹಗಾರರ ಸರ್ವರಿನಲ್ಲಿ ಇದು ಸಣ್ಣ ಸಂಗತಿಯೇ?

ಜೊತೆಗೆ, ತಡೆಪಟ್ಟಿಗಳು ಕೈಯಿಂದ ಕೈಗೆ ಸಾಗುತ್ತವೆ. ಪರಿಶೀಲಿಸಲು ಪುರುಸೊತ್ತಿಲ್ಲದ ಅಡ್ಮಿನ್ ಯಾರೋ ಮಾಡಿದ ಪಟ್ಟಿಯನ್ನು ಇದ್ದ ಹಾಗೆಯೇ ಏರಿಸಿಬಿಡುತ್ತಾನೆ. 2022ರ ನವೆಂಬರಿನಲ್ಲಿ ಪತ್ರಕರ್ತರಿಗಾಗಿ ತೆರೆದ ಜರ್ನಾ.ಹೋಸ್ಟ್ ಸರ್ವರನ್ನು ಕೆಲವೇ ವಾರಗಳಲ್ಲಿ ಹಲವು ಸರ್ವರುಗಳು ತಡೆದವು. ಅಲ್ಲಿದ್ದ ಪತ್ರಕರ್ತರಲ್ಲಿ ಹೆಚ್ಚಿನವರಿಗೂ ಜಗಳದ ಮೂಲಕ್ಕೂ ಸಂಬಂಧವೇ ಇರಲಿಲ್ಲ.

ಟ್ವಿಟರಿನಂಥ ಇನ್ನೊಂದು ತಾಣವಾದ ಬ್ಲೂಸ್ಕೈ ಹಿಡಿದಿರುವ ದಾರಿ ನನಗೆ ಮೇಲೆನಿಸುತ್ತದೆ. 2024ರ ಮಾರ್ಚಿನಲ್ಲಿ ಅವರು ಮಾಡರೇಶನ್ (ಪೋಸ್ಟುಗಳ ಮೇಲ್ವಿಚಾರಣೆ) ಕೆಲಸವನ್ನು ಹೊರಗಿನವರಿಗೂ ತೆರೆದರು: ಯಾವ ಗುಂಪು ಬೇಕಾದರೂ ಪೋಸ್ಟುಗಳಿಗೆ ಹಣೆಪಟ್ಟಿ ಹಚ್ಚುವ ಸೇವೆ ನಡೆಸಬಹುದು, ಯಾವ ಹಣೆಪಟ್ಟಿ ಕಂಡರೆ ಮರೆಮಾಡಬೇಕೆಂದು ಓದುಗನೇ ನಿರ್ಧರಿಸಬಹುದು. 2025ರ ಏಪ್ರಿಲಿನಲ್ಲಿ ಟರ್ಕಿ ಸರ್ಕಾರದ ಕೋರಿಕೆಯಂತೆ ಕೆಲವು ಖಾತೆಗಳನ್ನು ಆ ದೇಶದಲ್ಲಿ ಮರೆಮಾಡಬೇಕಾಗಿ ಬಂದಾಗಲೂ, ಅದು ಅಧಿಕೃತ ಆ್ಯಪಿನ ಮಟ್ಟಕ್ಕೆ ನಿಂತಿತು. ಬೇರೆ ಆ್ಯಪುಗಳಲ್ಲಿ ಅವೇ ಖಾತೆಗಳು ಕಾಣುತ್ತಿದ್ದವು. ಜಾಲದ ಒಂದೇ ಕೇಂದ್ರದ ಕೈಯಲ್ಲಿ ಅಷ್ಟೂ ಅಧಿಕಾರವಿಲ್ಲದಿದ್ದರೆ ಆಗುವ ಉಪಕಾರ ಇದೇ.

ಸುರಗಿ

ಒಂಟಿದನಿ ಸರ್, ತಾವು ಹೇಳಿದ ಏರ್ಪಾಡಿನಲ್ಲಿ ಮೊದಲು ಓದುವವರು ಯಾರು? ಹಣೆಪಟ್ಟಿ ಹಚ್ಚಬೇಕಾದರೆ ಯಾರಾದರೂ ಆ ಹೊಲಸನ್ನು ಓದಲೇಬೇಕು, ಮತ್ತು ಬೈಗುಳ ಯಾರ ಹೆಸರಿಗೆ ಬಂದಿದೆಯೋ ಅವಳೇ ಎಲ್ಲರಿಗಿಂತ ಮೊದಲು ಓದಿರುತ್ತಾಳೆ. ಬೇಡವಾದರೆ ಓದಬೇಡಿ ಎನ್ನುವ ಆ ಅಡ್ಮಿನ್ನನ ಉತ್ತರಕ್ಕೂ ತಮ್ಮ ಸಲಹೆಗೂ, ಬೈಸಿಕೊಳ್ಳುವವರ ಕಡೆಯಿಂದ ನೋಡಿದಾಗ, ಹೆಚ್ಚು ಅಂತರ ಕಾಣುವುದಿಲ್ಲ. ತಾನು ಮರೆಮಾಡಿಕೊಂಡರೂ ಆ ಉತ್ತರಗಳು ಉಳಿದ ಓದುಗರಿಗೆಲ್ಲ ಅವಳ ಬರಹದ ಕೆಳಗೆ ಕಾಣುತ್ತಲೇ ಇರುತ್ತವೆ. ಅವಳು ಬರೆಯುವುದನ್ನೇ ನಿಲ್ಲಿಸಿದರೆ ಅಲ್ಲಿ ಯಾರ ಅಭಿವ್ಯಕ್ತಿ ಹೋಯಿತೆಂದು ಯಾವ ಲೆಕ್ಕದಲ್ಲಿಯೂ ಬರುವುದಿಲ್ಲ.

ನಾನು ಬೇರೊಂದು ಸರ್ವರಿನಲ್ಲಿ ಕನ್ನಡ ದೂರುಗಳನ್ನು ನೋಡುತ್ತೇನೆ. ಪದಗಳ ಪಟ್ಟಿ ಮಾಡಿ ಯಂತ್ರಕ್ಕೆ ಒಪ್ಪಿಸಿದರೆ ಕೆಲಸ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಕನ್ನಡದಲ್ಲಿ ಒಂದೇ ಬೈಗುಳ ವಿಭಕ್ತಿ ಸೇರಿ ಹತ್ತು ರೂಪ ತಾಳುತ್ತದೆ, ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಇನ್ನಿಪ್ಪತ್ತು ಕಾಗುಣಿತ. ಇನ್ನು ಜಾತಿಯನ್ನು ಹಿಡಿದು ಆಡುವ ಕೊಂಕಿನಲ್ಲಿ ಬೈಗುಳದ ಪದವೇ ಇರುವುದಿಲ್ಲ. ಹಾಸನದ ಕಡೆಯವರಿಗೆ ಸಹಜವಾದ ಮಾತು ಧಾರವಾಡದವರಿಗೆ ಒರಟಾಗಿ ಕೇಳಿಸುವುದೂ ಉಂಟು. ಇದನ್ನೆಲ್ಲ ಮನುಷ್ಯರೇ ಕೂತು ಓದಬೇಕು, ಓದುವವರಿಗೆ ಸಂಬಳವಿಲ್ಲ.

ಇದಕ್ಕಿಂತ ಭೀಕರವಾದದ್ದೂ ಇದೆ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನಪ್ರಿಯವಾದ 25 ಸರ್ವರುಗಳ ಸುಮಾರು 3,25,000 ಪೋಸ್ಟುಗಳನ್ನು ಎರಡು ದಿನ ಪರಿಶೀಲಿಸಿದಾಗ, ಮಕ್ಕಳ ಲೈಂಗಿಕ ಶೋಷಣೆಯದೆಂದು ಈಗಾಗಲೇ ಗುರುತಿಸಲಾಗಿದ್ದ ಚಿತ್ರಗಳು 112 ಸಲ ಸಿಕ್ಕವು. ದೊಡ್ಡ ಕಂಪನಿಗಳಲ್ಲಿ ಇಂಥವನ್ನು ಹಿಡಿಯುವ ಸಾಧನಗಳಿವೆ. ಮೂವರು ಗೆಳೆಯರು ಸಂಜೆಯ ಬಿಡುವಿನಲ್ಲಿ ನಡೆಸುವ ಸರ್ವರಿನಲ್ಲಿ ಏನಿದೆ? ಅಳಿಸುವುದಿಲ್ಲವೆಂದು ಹೆಮ್ಮೆಯಿಂದ ಹೇಳುವ ಸರ್ವರಿನೊಂದಿಗೆ ತಂತಿ ಕೂಡಿಸಿಕೊಂಡಿರುವುದೆಂದರೆ ಅವರು ಮಾಡದೆ ಬಿಟ್ಟ ಕೆಲಸವನ್ನು ನಾವು ಮಾಡುತ್ತೇವೆಂದು ಒಪ್ಪಿಕೊಂಡ ಹಾಗೆ. ನನ್ನ ಮಟ್ಟಿಗೆ, ಸಂಪರ್ಕ ಕಡಿಯಲು ಇದೊಂದೇ ಕಾರಣ ಸಾಕು.

ಹೊಂಗೆನೆರಳು

ಎಲ್ಲರಿಗೂ ಕೃತಜ್ಞತೆಗಳು. ಕುಂದುಕೊರತೆ ಕೇಳುವವರ ಹೆಸರನ್ನು ಇಂದೇ ಪ್ರಕಟಿಸಿದೆವು.

ನಾವು ಹೀಗೆ ಮಾಡಲು ಯೋಚಿಸಿದ್ದೇವೆ. ಆ ಸರ್ವರಿಗೆ ಈಗಲೇ ಮಿತಿ ಹಾಕುತ್ತೇವೆ, ಇದರಿಂದ ಹೊಸ ಹೊಸ ಖಾತೆಗಳಿಂದ ಬರುವ ಬೈಗುಳ ಬರಹಗಾರ್ತಿಯರಿಗೆ ಸೂಚನೆಯಾಗಿ ತಲುಪುವುದು ನಿಲ್ಲುತ್ತದೆ. ಎರಡು ವಾರಗಳ ನಂತರ ಪೂರ್ಣ ಅಮಾನತು ಮಾಡುವುದಾಗಿ ಸದಸ್ಯರಿಗೆಲ್ಲ ಕಾರಣಸಹಿತ ತಿಳಿಸುತ್ತೇವೆ; ಅಷ್ಟರೊಳಗೆ ಅಲ್ಲಿನ ಗೆಳೆಯರು ಬೇರೆ ಸರ್ವರಿಗೆ ಬಂದರೆ ನಂಟು ಉಳಿಯುತ್ತದೆ. ಬೇರೆಯವರ ತಡೆಪಟ್ಟಿಯನ್ನು ಇದ್ದ ಹಾಗೆ ಏರಿಸುವುದಿಲ್ಲ. ಆರು ತಿಂಗಳಿಗೊಮ್ಮೆ ಮರುಪರಿಶೀಲನೆ ಇರುತ್ತದೆ, ಅದರಲ್ಲಿ ಅಡ್ಮಿನ್ ಅಲ್ಲದ ಇಬ್ಬರು ಸದಸ್ಯರು ಕೂರುತ್ತಾರೆ. ಆಕ್ಷೇಪಿಸಿದ ಸದಸ್ಯರನ್ನೇ ಅದಕ್ಕೆ ಕರೆದಿದ್ದೇವೆ. ಬರುತ್ತೇನೆ, ಆದರೆ ಒಪ್ಪಿದ್ದೇನೆಂದು ತಿಳಿಯಬೇಡಿ ಎಂದಿದ್ದಾರೆ.

ಸರ್ಕಾರದ ಆದೇಶ ಬಂದರೆ ಏನು ಮಾಡುತ್ತೇವೆಂಬ ಪ್ರಶ್ನೆಗೆ ನಮ್ಮ ಮೂವರಲ್ಲಿ ಇನ್ನೂ ಒಮ್ಮತವಿಲ್ಲ. ಆದೇಶ ಬಂದಿದೆಯೆಂಬುದನ್ನು, ಕಾನೂನು ಬಿಡುವಷ್ಟರ ಮಟ್ಟಿಗೆ, ಬರೆದವರಿಗೆ ತಿಳಿಸದೆ ತೆಗೆಯಬಾರದು ಎಂಬಲ್ಲಿಗೆ ಸದ್ಯಕ್ಕೆ ಬಂದು ನಿಂತಿದ್ದೇವೆ.

ಒಂಟಿದನಿ

ಎರಡು ವಾರಗಳ ಗಡುವು ಸರಿಯಾಗಿದೆ. ತಡೆದ ಸರ್ವರುಗಳ ಪಟ್ಟಿಯನ್ನು ಕಾರಣದೊಂದಿಗೆ ಪರಿಚಯ ಪುಟದಲ್ಲಿ ತೋರಿಸುವ ಅನುಕೂಲ ಮಾಸ್ಟೋಡಾನಿನಲ್ಲಿದೆ. ಲಾಗಿನ್ ಆದವರಿಗೆ ಮಾತ್ರ ತೋರಿಸಬಹುದು, ಎಲ್ಲರಿಗೂ ತೋರಿಸಬಹುದು. ಎಲ್ಲರಿಗೂ ತೋರಿಸಿ. ಸೇರುವ ಮೊದಲೇ ಇಲ್ಲಿಂದ ಯಾರ ಮಾತು ಕೇಳಿಸುವುದಿಲ್ಲ ಎಂಬುದು ಹೊಸಬರಿಗೆ ತಿಳಿದಿರಬೇಕು.

ಸುರಗಿ

ತೋರಿಸಲಿ. ಕಾರಣದ ಸಾಲಿನಲ್ಲಿ ದೂರು ಕೊಟ್ಟವರು ಯಾರೆಂದು ಊಹಿಸುವಂಥ ಒಂದು ಪದವೂ ಇರದಂತೆ ನೋಡಿಕೊಳ್ಳಿ. ಆ ಪುಟವನ್ನು ಮೊದಲು ಓದುವವರು ತಡೆಸಿಕೊಂಡವರೇ ಆಗಿರುತ್ತಾರೆ.