25ರವರೆಗೆ ಮಿದುಳು ಮಾಗದು ಎಂದಾದರೆ 18ರ ಗೆರೆಗೆ ಅರ್ಥವೇನು?

ತೀರ್ಥಹಳ್ಳಿ ಕಡೆಯ ಎಸ್‌ಡಿಎಂಸಿ ಸದಸ್ಯ ಕೇಳುತ್ತಾರೆ:

ನಮ್ಮೂರ ಪ್ರೌಢಶಾಲೆಯಲ್ಲಿ ಕಳೆದ ವಾರ ಪೋಷಕರ ಸಭೆ ನಡೆಯಿತು. ಸಂಪನ್ಮೂಲ ವ್ಯಕ್ತಿಯಾಗಿ ಬಂದಿದ್ದವರೊಬ್ಬರು ಪರದೆಯ ಮೇಲೆ ಮಿದುಳಿನ ಬಣ್ಣಬಣ್ಣದ ಚಿತ್ರ ತೋರಿಸಿ, ಹಣೆಯ ಹಿಂದಿನ ಭಾಗ 25 ವರ್ಷದವರೆಗೂ ಮಾಗುವುದಿಲ್ಲ, ಆದ್ದರಿಂದ ಮಕ್ಕಳ ತೀರ್ಮಾನವನ್ನು ನಂಬುವಂತಿಲ್ಲ ಎಂದರು. ಆ ಒಂದು ಚಿತ್ರದ ಬಲದ ಮೇಲೆ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಶಿಸ್ತು ಬರಲೆಂದು ಬೆಳಿಗ್ಗೆ 7 ಗಂಟೆಗೆ ವಿಶೇಷ ತರಗತಿ ನಡೆಸುವ ನಿರ್ಣಯವೂ ಆಗಿಹೋಯಿತು. ಹಿಂದಿನ ಸಾಲಿನ ತಾಯಿಯೊಬ್ಬರು, “ಹಂಗಾದ್ರೆ ಹದಿನೆಂಟಕ್ಕೇ ಓಟು ಯಾಕೆ ಕೊಡ್ತಾರೆ?” ಎಂದು ಕೇಳಿದಾಗ ಸಭೆ ನಕ್ಕಿತೇ ಹೊರತು ಯಾರೂ ಉತ್ತರ ಕೊಡಲಿಲ್ಲ. ಬಲ್ಲವರು ತಿಳಿಸಬೇಕು.

ಸಾಗರದ ಮನೋವಿಜ್ಞಾನ ಉಪನ್ಯಾಸಕಿ:

ಆ ತಾಯಿಯ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲೂ ಅದು ಎದ್ದಿತ್ತು. 18 ತುಂಬುವ ಮೊದಲು ಮಾಡಿದ ಅಪರಾಧಕ್ಕೆ ಮರಣದಂಡನೆ ಕೂಡದೆಂದು ಆ ನ್ಯಾಯಾಲಯ 2005ರಲ್ಲಿ ರೋಪರ್ ಪ್ರಕರಣದಲ್ಲಿ ತೀರ್ಪಿತ್ತಾಗ, ಹದಿಹರೆಯದವರ ವಿವೇಚನೆ ಇನ್ನೂ ಬಲಿತಿರುವುದಿಲ್ಲ ಎಂದು ಅಲ್ಲಿನ ಮನೋವಿಜ್ಞಾನ ಸಂಘ ವಾದಿಸಿತ್ತು. ಅದೇ ಸಂಘ 1990ರ ಗರ್ಭಪಾತದ ಪ್ರಕರಣವೊಂದರಲ್ಲಿ ಹದಿಹರೆಯದ ಹುಡುಗಿಯರು ತಾವೇ ನಿರ್ಧರಿಸಬಲ್ಲರು ಎಂದಿತ್ತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಈ ವಿರೋಧಾಭಾಸವನ್ನು ಎತ್ತಿ ಆಡಿದರು.

ಮನೋವಿಜ್ಞಾನಿ ಲಾರೆನ್ಸ್ ಸ್ಟೈನ್‌ಬರ್ಗ್ ಇದಕ್ಕೆ ಕೊಟ್ಟ ಸಮಾಧಾನ ನನಗೆ ಬಹುಮಟ್ಟಿಗೆ ಒಪ್ಪಿಗೆಯಾಗಿದೆ. ಸಾವಧಾನವಾಗಿ, ನಾಲ್ವರನ್ನು ಕೇಳಿ ಮಾಡುವ ತೀರ್ಮಾನದಲ್ಲಿ 16ರ ಹೊತ್ತಿಗೇ ಮಕ್ಕಳು ಸರಿಸುಮಾರು ದೊಡ್ಡವರ ಸಮಕ್ಕೆ ಬರುತ್ತಾರೆ; ಆವೇಶ, ಅವಸರ ಮತ್ತು ಗೆಳೆಯರ ಕಣ್ಣು ಒಟ್ಟು ಸೇರಿದಲ್ಲಿ ಆ ಹಿಡಿತ ದಕ್ಕಲು ಇನ್ನೂ ಕೆಲವು ವರ್ಷ ಬೇಕು. ಅವರು ಮತ್ತು ಗಾರ್ಡ್ನರ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರು ಓಡಿಸುವ ಕಂಪ್ಯೂಟರ್ ಆಟ ಆಡಿದ ಹದಿಹರೆಯದವರು ಗೆಳೆಯರು ನೋಡುತ್ತಿದ್ದಾಗ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಮತ ಹಾಕುವುದು ಮೊದಲ ಬಗೆಯ ತೀರ್ಮಾನ. 25 ಎಂಬುದಂತೂ ಬೆಳಗಾಗುವುದರೊಳಗೆ ತೆರೆದುಕೊಳ್ಳುವ ಬಾಗಿಲಲ್ಲ. ಒಂದೇ ಗೊನೆಯ ಅಡಿಕೆಯೂ ಒಂದೇ ದಿನ ಹಣ್ಣಾಗುವುದಿಲ್ಲ.

ಏಳು ಗಂಟೆಯ ತರಗತಿಗಂತೂ ವಿಜ್ಞಾನದ ಬೆಂಬಲವಿಲ್ಲ. ನಿದ್ದೆ ಬರಿಸುವ ಮೆಲಟೋನಿನ್ ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಸ್ರವಿಸುತ್ತದೆ, ಹಾಗಾಗಿ ಬೇಗ ಮಲಗೆಂದರೂ ನಿದ್ದೆ ಹತ್ತುವುದಿಲ್ಲ. ಈ ಕಾರಣಕ್ಕೇ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಬಹುತೇಕ ಹೈಸ್ಕೂಲುಗಳು 8.30ಕ್ಕೆ ಮೊದಲು ಆರಂಭವಾಗಕೂಡದೆಂಬ ಕಾನೂನು ಜಾರಿಯಲ್ಲಿದೆ.

ಶಿವಮೊಗ್ಗದ ವಕೀಲರು:

ನಮ್ಮ ಕಾನೂನಿನ ಮಾತನ್ನೂ ಸೇರಿಸುತ್ತೇನೆ. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ಕಾನೂನು ತಿದ್ದುಪಡಿ ಸೂಚಿಸಲು ನೇಮಕವಾದ ವರ್ಮಾ ಸಮಿತಿ ಬಾಲಾಪರಾಧಿಯ ವಯೋಮಿತಿಯನ್ನು ಇಳಿಸಲು ಒಪ್ಪಲಿಲ್ಲ. ಸಂಸತ್ತು ಮಾತ್ರ 2015ರ ಬಾಲನ್ಯಾಯ ಕಾಯ್ದೆಯಲ್ಲಿ, 16ರಿಂದ 18ರ ನಡುವಿನವರು ಘೋರ ಅಪರಾಧ ಎಸಗಿದ ಆರೋಪವಿದ್ದರೆ ಅವರನ್ನು ವಯಸ್ಕರಂತೆ ವಿಚಾರಿಸಲು ದಾರಿ ತೆರೆಯಿತು. ಅದಕ್ಕೂ ಮುನ್ನ 15ನೇ ಕಲಮಿನಂತೆ ಬಾಲನ್ಯಾಯ ಮಂಡಳಿ ಆ ಹುಡುಗನ ಮಾನಸಿಕ ಸಾಮರ್ಥ್ಯವನ್ನೂ ಪರಿಣಾಮ ಅರಿಯುವ ಶಕ್ತಿಯನ್ನೂ ಅಳೆಯಬೇಕು. ತೊಡಕಿರುವುದೇ ಇಲ್ಲಿ: ವಿಜ್ಞಾನ ಸಾವಿರಾರು ಮಕ್ಕಳ ಸರಾಸರಿ ಹೇಳುತ್ತದೆ, ಮಂಡಳಿಯ ಮುಂದೆ ನಿಂತಿರುವವನು ಒಬ್ಬನೇ. ಸ್ಕ್ಯಾನ್ ನೋಡಿ ಇವನು ಪ್ರಬುದ್ಧನೋ ಅಲ್ಲವೋ ಎಂದು ಹೇಳುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ಇದು ನಾಜೂಕಿನ ಕೆಲಸವೆಂದೂ ಮನೋವಿಜ್ಞಾನ ಬಲ್ಲವರ ನೆರವು ಬೇಕೆಂದೂ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹೊಸನಗರದ ಕೃಷಿಕ:

ನನ್ನ ಮಗಳ ಶಾಲೆಯಲ್ಲೂ ಇಂಥದೇ ತರಗತಿ ಇತ್ತು. ಆಷಾಢದ ಮಳೆಯಲ್ಲಿ ಐದೂಮುಕ್ಕಾಲಿಗೆ ಟಾರ್ಚ್ ಹಿಡಿದು, ತೋಟದ ಸಂಕ ದಾಟಿ ಬಸ್ಸಿಗೆ ನಿಲ್ಲುತ್ತಿದ್ದಳು. ಮೊದಲ ಪೀರಿಯಡ್ಡಿನಲ್ಲೇ ತೂಕಡಿಸುತ್ತಿದ್ದೆ ಎಂದು ಆಮೇಲೆ ಅವಳೇ ಹೇಳಿದಳು. ಬಸ್ ತಪ್ಪಿದ ದಿನ ನೆರೆಮನೆಯವರು ಹದಿನೈದರ ಹುಡುಗನ ಕೈಗೆ ಸ್ಕೂಟರ್ ಕೊಡುತ್ತಿದ್ದರು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಅದಕ್ಕೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಲ್ಲಿಯೂ 25! ಬೆಳಗಿನ ತರಗತಿ ಇಡುವವರು ಈ ಲೆಕ್ಕವನ್ನೂ ಹಾಕಲಿ.

ಮೊದಲು ಕೇಳಿದವರು:

ಎಲ್ಲರಿಗೂ ಧನ್ಯವಾದ. ವಿಶೇಷ ತರಗತಿಯನ್ನು ಸಂಜೆ ನಾಲ್ಕೂವರೆಗೆ ಇಡಬೇಕೆಂದು ಮುಂದಿನ ಸಭೆಯಲ್ಲಿ ಲಿಖಿತವಾಗಿ ಕೊಡುತ್ತೇನೆ. ನಮ್ಮೂರ ಕೊನೆಯ ಬಸ್ ಐದಕ್ಕೇ ಹೊರಡುವುದರಿಂದ, ಅದನ್ನು ಮುಕ್ಕಾಲು ಗಂಟೆ ಮುಂದಕ್ಕೆ ಹಾಕಿಸಲು ಡಿಪೋಗೆ ಅರ್ಜಿ ಕೊಟ್ಟು ಅನುಭವವಿರುವವರು ಅದರ ಒಕ್ಕಣೆಯನ್ನು ಇಲ್ಲಿ ಹಾಕಿದರೆ ಉಪಕಾರವಾಗುತ್ತದೆ.