ಸಹಾಯ ಬೇಕು: ಹಳೇ ಸಿಂಗಲ್ ಲೈನ್ ಸ್ಟೇಷನ್ನಲ್ಲಿ ಟೋಕನ್ ಕೆಲಸ ನೋಡಿದೋರು ಇದೀರಾ?

ಎಲ್ರಿಗೂ ನಮಸ್ಕಾರ. ಹಳ್ಳಿ ಕಡೆಯ ಸಿಂಗಲ್ ಲೈನಲ್ಲಿ ಬರೋ ಚಿಕ್ಕ ಸ್ಟೇಷನ್ ಒಂದರ ಮಾಡೆಲ್ ಮಾಡ್ತಿದೀನಿ, ಒಂದು ಮೇನ್ ಲೈನು, ಎದುರು ಬರೋ ರೈಲಿಗೆ ದಾರಿ ಬಿಡೋಕೆ ಪಕ್ಕದಲ್ಲಿ ಒಂದು ಲೂಪ್ ಲೈನು, ತಂತಿ ಎಳೆದ್ರೆ ಕೈ ಆಡೋ ಸೆಮಾಫೋರ್ ಸಿಗ್ನಲ್ಲು, ಇಷ್ಟೆಲ್ಲ ಆಗಿದೆ. ಟೋಕನ್ (ಮುಂದಿನ ಸ್ಟೇಷನ್‌ವರೆಗೂ ಹೋಗ್ಬಹುದು ಅಂತ ಡ್ರೈವರ್ ಕೈಗೆ ಕೊಡ್ತಿದ್ದ ಅನುಮತಿ ಗುರುತು) ವಿಷ್ಯದಲ್ಲಿ ನಿಂತೋಗಿದೀನಿ.

ಮೂಲ ಗೊತ್ತು. 1874ರಲ್ಲಿ ಇಂಗ್ಲೆಂಡಿನ ಥಾರ್ಪ್ ಹತ್ರ ಸಿಂಗಲ್ ಲೈನಲ್ಲಿ ಎರಡು ರೈಲು ಎದುರುಬದುರು ಡಿಕ್ಕಿ ಆದ್ಮೇಲೆ ಎಡ್ವರ್ಡ್ ಟೈಯರ್ ಅನ್ನೋರು ಕರೆಂಟ್ ಮಿಷನ್ ಮಾಡಿದ್ರು, ಎರಡು ಸ್ಟೇಷನ್ನಲ್ಲಿ ಒಂದೊಂದು ಮಿಷನ್, ಒಂದರಿಂದ ಟೋಕನ್ ಆಚೆ ಬಂತು ಅಂದ್ರೆ ಅದು ವಾಪಸ್ ಒಳಗೆ ಹೋಗೋವರೆಗೂ ಎರಡರಿಂದ್ಲೂ ಇನ್ನೊಂದು ಬರಲ್ಲ, ಹಂಗಾಗಿ ಆ ಎರಡು ಸ್ಟೇಷನ್ ನಡುವಿನ ಸೆಕ್ಷನ್ನಲ್ಲಿ ಒಂದೇ ರೈಲು. ಎಷ್ಟು ಜೀವ ಉಳಿಸಿರ್ಬೇಕು ಈ ಐಡಿಯಾ, ನಂಗಂತೂ ಈಗ್ಲೂ ಅಚ್ಚರಿನೇ!

ನಂಗೆ ಬೇಕಿರೋದು ನಿಲ್ಲದೇ ಹೋಗೋ ರೈಲಿನ ಕಥೆ. ಬಳೆ ಹಾಕಿರೋ ಚೀಲದಲ್ಲಿ ಟೋಕನ್ ಇಟ್ಟು ಕೊಡ್ತಿದ್ರಲ್ಲ, ಕೊಡೋರು ಪ್ಲಾಟ್‌ಫಾರ್ಮಿನ ಯಾವ ತುದೀಲಿ ನಿಲ್ತಿದ್ರು, ಹಳೇ ಟೋಕನ್ ಮೊದ್ಲು ಎಸೀತಿದ್ರಾ ಅಥವಾ ಹೊಸದು ಮೊದ್ಲು ಹಿಡೀತಿದ್ರಾ, ರಾತ್ರಿ ದೀಪ ಎಲ್ಲಿರ್ತಿತ್ತು? ಕೈ ತಪ್ಪಿ ಬಿದ್ರೆ ರೈಲು ನಿಲ್ಲಿಸಲೇಬೇಕಿತ್ತಲ್ವಾ? ಮಿಷನ್ನು ಸ್ಟೇಷನ್ ಮಾಸ್ಟರ್ ರೂಮಲ್ಲಿ ಇರ್ತಿತ್ತೋ ಸಿಗ್ನಲ್ ಕ್ಯಾಬಿನ್ನಲ್ಲೋ, ಅದೂ ಹೇಳಿ.

ಮನೇಲಿ ರೈಲ್ವೆ ರಿಟೈರ್ಡ್ ಹಿರಿಯರಿದ್ರೆ ದಯವಿಟ್ಟು ಒಂದ್ಸಲ ಕೇಳಿ. ರೂಮಿನ ಒಳಗಿನ ಫೋಟೋ ಇದ್ರೆ ಮಸುಕಾಗಿದ್ರೂ ಪರ್ವಾಗಿಲ್ಲ, ಹಾಕಿ.