ಸಿಗಂದೂರಿನ ಆಚೆ ದಡಕ್ಕೆ ಇಡೀ ಮನೆ ಹೊರಟಿದೆ, 82ರ ಅಜ್ಜಿಯೂ ಸೇರಿ. ಹೇಗೆ ಹೋಗುವುದು?

ಜಾಲಹಳ್ಳಿ ಮೊಮ್ಮಗಳು

ಮೇ ತಿಂಗಳಲ್ಲಿ ನಮ್ಮ ಇಡೀ ಮನೆ ಸಾಗರ ತಾಲ್ಲೂಕಿನ ಸಿಗಂದೂರಿನ ಕಡೆ, ಅಂದರೆ ಶರಾವತಿ ಹಿನ್ನೀರಿನ ಆಚೆ ದಡದಲ್ಲಿರುವ ಚೌಡೇಶ್ವರಿ ದೇವಸ್ಥಾನಕ್ಕೆ ಹೊರಟಿದೆ. ಇಡೀ ಮನೆ ಅಂದರೆ 17 ಜನ. ಅಜ್ಜಿಗೆ 82, ಅಣ್ಣನ ಮಗಳಿಗೆ ಎರಡು. ನಡುವೆ ಅಪ್ಪ, ಅಮ್ಮ, ಇಬ್ಬರು ಚಿಕ್ಕಪ್ಪಂದಿರ ಸಂಸಾರ, ಸೋದರತ್ತೆ, ಹತ್ತನೇ ತರಗತಿ ಮುಗಿಸಿ ಫೋನಿನಿಂದ ತಲೆ ಎತ್ತದ ಇಬ್ಬರು ಹುಡುಗರು. ಊಟ ಎಲ್ಲಿ ಅಂತ ಮಾತ್ರ ಕೇಳುವ ಭಾವ ಒಬ್ಬರು.

ಈ ಪ್ರವಾಸ ಅಜ್ಜಿಯ ಹಟದಿಂದ ಹುಟ್ಟಿದ್ದು. ಅವರ ತವರು ಅದೇ ಕಡೆಯ ಕರೂರು ಹೋಬಳಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತಾಗ ಮನೆ, ಗದ್ದೆ, ಅಡಿಕೆ ತೋಟ ಎಲ್ಲ ಮುಳುಗಿತು. ಆಗಷ್ಟೇ ಮದುವೆಯಾಗಿದ್ದ ಅಜ್ಜಿ ಶಿವಮೊಗ್ಗದ ಕಡೆ ಇದ್ದರು. ಆಮೇಲೆ ಅಪ್ಪನ ಕೆಲಸದ ಜೊತೆ ಬೆಂಗಳೂರಿಗೆ ಬಂದವರು ಇಲ್ಲೇ ಉಳಿದರು. ಈಗ ಹೇಳುತ್ತಿರುವುದು ಇಷ್ಟೇ: "ಆಚೆ ದಡದಲ್ಲಿ ಒಂದು ರಾತ್ರಿ ಮಲಗಬೇಕು. ದೇವರಿಗೆ ಕೈಮುಗಿದು ಓಡಿ ಬರೋದಾದ್ರೆ ನಾನು ಬರಲ್ಲ."

ಚಿಕ್ಕ ಚಿಕ್ಕಪ್ಪನ ವಾದ ಬೇರೆ. ಸೇತುವೆ ಆಗಿದೆ, ಬೆಳಗ್ಗೆ ದಾಟಿ ದರ್ಶನ ಮಾಡಿ ಸಂಜೆಗೆ ಸಾಗರದ ಲಾಡ್ಜಿಗೆ ಬರೋಣ, ಆಚೆ ಏನಿದೆ ಅಂತ ಉಳಿಯಬೇಕು? ಮನೆಯ ವಾಟ್ಸಾಪ್ ಗುಂಪಿನಲ್ಲಿ ಇದೇ ಜಗಳ ನಡೆಯುತ್ತಿದೆ.

ನಾನು ಕೇಳಬೇಕಿರುವುದು: ಜಾಲಹಳ್ಳಿಯಿಂದ ಟಿಟಿ (ಟೆಂಪೊ ಟ್ರಾವೆಲರ್) ಮಾಡಿಕೊಂಡು ನೇರ ಹೋಗುವುದಾ, ರೈಲಾ? ಅಜ್ಜಿಗೆ ಮಂಡಿ ನೋವು, ಗಾಡಿ ಹತ್ತಿದರೆ ವಾಂತಿ. ಮೇ ತಿಂಗಳಲ್ಲಿ ಹಿನ್ನೀರು ಇರುತ್ತದಾ? ನೀರು ಇಳಿದರೆ ಹಳೆಯ ಊರು ಕಾಣುತ್ತದೆ ಅಂತ ಯಾರೋ ಅಜ್ಜಿಯ ಕಿವಿಗೆ ಹಾಕಿದ್ದಾರೆ. ಅದು ನಿಜವಾ? ದಯವಿಟ್ಟು ರೆಸಾರ್ಟ್ ಜಾಹೀರಾತು ಹಾಕಬೇಡಿ.

ಬಿ.ಎಚ್. ರಸ್ತೆ ಬಳಗ

ಟಿಟಿನೇ ಬೆಸ್ಟ್. ಬೆಳಗ್ಗೆ ಐದಕ್ಕೆ ಬಿಟ್ಟರೆ ತುಮಕೂರು ದಾಟಿ ತಿಪಟೂರಿನಲ್ಲಿ ತಿಂಡಿ, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಆನಂದಪುರ, ಸಾಗರ. ಬೇಕಾದಲ್ಲಿ ನಿಲ್ಲಿಸಬಹುದು. ಸಾಮಾನು ಎತ್ತಿಳಿಸುವ ರಗಳೆ ಇಲ್ಲ. ಹೇಗೂ ಹೋಗ್ತೀರಿ, ಜೋಗವನ್ನೂ ಮುಗಿಸಿಕೊಂಡು ಬನ್ನಿ.

ತುಮರಿಯವನು

ನನ್ನ ಊರು ಆಚೆ ದಡದ ತುಮರಿ, ಅನ್ನ ಬೆಂಗಳೂರಿನದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಚಿಕ್ಕಪ್ಪನವರಿಗೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ಕ್ಕೆ ಉದ್ಘಾಟನೆ ಆಯಿತು. ಅಲ್ಲಿಯವರೆಗೆ ಹೊಳೆಬಾಗಿಲಿನಲ್ಲಿ ಲಾಂಚಿಗೆ, ಅಂದರೆ ಜನ, ವಾಹನ ದಾಟಿಸುವ ದೊಡ್ಡ ದೋಣಿಗೆ, ಕಾಯುತ್ತಿದ್ದೆವು. ಸಂಜೆಯ ಕೊನೆಯ ಲಾಂಚ್ ತಪ್ಪಿತೋ, ಮುಗಿಯಿತು. ಹೆರಿಗೆ ನೋವು ಬಂದವರಿಗೂ ಅದೇ ಗತಿ. ಬೇಸಿಗೆಯಲ್ಲಿ ನೀರು ತುಂಬಾ ತಗ್ಗಿದರೆ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು, ಜನ ಮಾತ್ರ ದಾಟಬೇಕು. ಹಾಗಾಗಿ "ಲಾಂಚಿನ ಮಜಾ ಹೋಯ್ತು" ಅಂತ ಬೆಂಗಳೂರಿನವರು ಬರೆದಾಗ ನನಗೆ ಸಿಟ್ಟು ಬರುತ್ತದೆ. ಆದರೆ ಸೇತುವೆ ಇದೆ ಅಂತ ಅದೇ ದಿನ ವಾಪಸು ಓಡಬೇಕು ಅನ್ನುವುದೂ ತಪ್ಪು ಲೆಕ್ಕ. ಈಗ ಕಾರುಗಳೆಲ್ಲ ಹನ್ನೊಂದರಿಂದ ಮೂರರವರೆಗೆ ಬಂದು ದರ್ಶನ, ಸೇತುವೆ ಮೇಲೆ ಸೆಲ್ಫಿ ಮುಗಿಸಿ ಹೋಗುತ್ತವೆ. ಮೇ ಬಿಸಿಲಿನಲ್ಲಿ ಆ ಹೊತ್ತಿಗೆ 82ರ ಅಜ್ಜಿಯನ್ನು ಸಾಲಿನಲ್ಲಿ ನಿಲ್ಲಿಸಲು ಹೋಗಬೇಡಿ. ಅವರು ಕೇಳುತ್ತಿರುವ ಹಿನ್ನೀರು ಇರುವುದು ಸಂಜೆ ಐದರ ಮೇಲೆ ಮತ್ತು ಬೆಳಗ್ಗೆ ಎಂಟರ ಒಳಗೆ. ಅದಕ್ಕೆ ಆಚೆ ದಡದಲ್ಲೇ ಮಲಗಬೇಕು.

ನಮ್ಮ ಕಡೆಯನ್ನು ಎಲ್ಲರೂ ದ್ವೀಪ ಅನ್ನುತ್ತಾರೆ. ನಿಜಕ್ಕೂ ಮೂರು ಕಡೆ ನೀರು. ನಿಟ್ಟೂರಿನ ಕಡೆಯಿಂದ ರಸ್ತೆ ಇದೆ, ಅದು ಕೊಲ್ಲೂರಿಗೂ ಸೇರುತ್ತದೆ. ತುಮರಿ, ಬ್ಯಾಕೋಡು ಸುತ್ತ ಹೋಮ್‌ಸ್ಟೇಗಳಿವೆ. ಹೆಚ್ಚಿನವು ಚಿಕ್ಕವು. 17 ಜನ ಒಂದೇ ಮನೆಯಲ್ಲಿ ಹಿಡಿಯುವುದು ಕಷ್ಟ, ಅಕ್ಕಪಕ್ಕದ ಎರಡು ಮನೆ ಕೇಳಿ. ಅಜ್ಜಿ ಇರುವ ಮನೆಗೆ ಮೆಟ್ಟಿಲು ಎಷ್ಟು ಅಂತ ಮೊದಲೇ ವಿಚಾರಿಸಿ. ಮಲೆನಾಡಿನ ಮನೆಗಳ ಜಗಲಿ ಎತ್ತರ, ಹೊಸಿಲೂ ಎತ್ತರ. ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ.

ಪ್ರಯಾಣ. ಮೇಲಿನವರು ಹೇಳಿದ ದಾರಿ ಸರಿ, ಆದರೆ ಸಾಗರವೇ ಸುಮಾರು 360 ಕಿ.ಮೀ. ವಾಂತಿ ಮಾಡುವವರಿಗೆ ಅದು ಶಿಕ್ಷೆ. ರಾತ್ರಿಯ ಮೈಸೂರು–ತಾಳಗುಪ್ಪ ರೈಲನ್ನು ಮೆಜೆಸ್ಟಿಕ್ಕಿನಲ್ಲಿ ಹತ್ತಿದರೆ ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣ. ಅಜ್ಜಿ, ಮಗು ಮತ್ತು ಅವರನ್ನು ನೋಡಿಕೊಳ್ಳುವವರು ರೈಲಿನಲ್ಲಿ ಬರಲಿ. ಉಳಿದವರು ಟಿಟಿಯಲ್ಲಿ ಬಂದು ಸಾಗರದಲ್ಲಿ ಅವರನ್ನು ಹತ್ತಿಸಿಕೊಳ್ಳಲಿ. ಟಿಕೆಟ್ ಮಾಡುವಾಗ ಒಂದು ವಿಷಯ ನೋಡಿಕೊಳ್ಳಿ. ಹಿರಿಯರಿಗೆ ಕೆಳಗಿನ ಬರ್ತ್ ಕೊಡುವ ಕೋಟಾ ಒಂದು ಟಿಕೆಟಿನಲ್ಲಿ ಒಬ್ಬರು ಅಥವಾ ಇಬ್ಬರು ಇದ್ದರೆ ಮಾತ್ರ ನಡೆಯುತ್ತದೆ. ಗಂಡಸರಿಗೆ 60 ತುಂಬಿರಬೇಕು, ಹೆಂಗಸರಿಗೆ 45 ಸಾಕು. ಆರು ಜನರನ್ನು ಒಂದೇ ಟಿಕೆಟಿಗೆ ತುರುಕಿದರೆ ಅಜ್ಜಿಗೆ ಮೇಲಿನ ಬರ್ತ್ ಬಂದರೂ ಬಂತು. ಅಜ್ಜಿ ಮತ್ತು ನಿಮ್ಮ ಅಮ್ಮನದು ಬೇರೆ ಟಿಕೆಟ್ ಮಾಡಿ. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಬೇಸಿಗೆ ರಜೆ ಅಲ್ವಾ, ತೆರೆದ ದಿನವೇ ಕೂತು ಮಾಡಿ.

ಜೋಗವನ್ನು ಕೈಬಿಡಿ. 253 ಮೀಟರ್ ಬಂಡೆ ಮೇ ತಿಂಗಳಲ್ಲೂ ಇರುತ್ತದೆ, ನೀರು ನೂಲಿನಷ್ಟು. ಆ ಅರ್ಧ ದಿನವನ್ನು ಸಾಗರದ ಹತ್ತಿರದ ಇಕ್ಕೇರಿಗೆ ಕೊಡಿ. ಅಘೋರೇಶ್ವರ ದೇವಸ್ಥಾನದ ಕಲ್ಲಿನ ಒಳಾಂಗಣ ಮಧ್ಯಾಹ್ನವೂ ತಂಪಾಗಿರುತ್ತದೆ, ವಯಸ್ಸಾದವರು ಕೂರಬಹುದು.

ಇನ್ನು ಹಳೆಯ ಊರಿನ ವಿಷಯ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ ನೀರು ತೀರಾ ಕೆಳಗೆ ಇರುತ್ತದೆ. ಎಷ್ಟು ಕೆಳಗೆ ಅನ್ನುವುದು ಆ ವರ್ಷದ ಮಳೆ ಮತ್ತು ವಿದ್ಯುತ್ತಿಗೆ ಬಿಟ್ಟ ನೀರಿನ ಮೇಲೆ. ಪತ್ರಿಕೆಯಲ್ಲಿ ಜಲಾಶಯದ ಮಟ್ಟ ಬರುತ್ತದೆ, ಏಪ್ರಿಲ್‌ನಿಂದ ನೋಡುತ್ತಾ ಬನ್ನಿ. ತೀರಾ ಇಳಿದ ವರ್ಷ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೆ ಬರುತ್ತದೆ. ಲಿಂಗನಮಕ್ಕಿಗಿಂತ ಮುಂಚೆ ಜೋಗದ ವಿದ್ಯುತ್ತಿಗೆ ನೀರು ಹಿಡಿಯಲು ಶರಾವತಿಗೆ ಕಟ್ಟಿದ್ದು ಅದು. ದೊಡ್ಡ ಅಣೆಕಟ್ಟು ಬಂದಾಗ ಚಿಕ್ಕದೂ ಊರುಗಳ ಜೊತೆ ಮುಳುಗಿತು. ನಿಮ್ಮ ಫೋನ್ ಹುಡುಗರನ್ನು ಅಲ್ಲಿಗೆ ಕಳಿಸಿ. ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಸೈಫನ್‌ಗಳಿವೆ. ಗೇಟು ಎತ್ತುವವರು ಬೇಡ, ನೀರು ಒಂದು ಮಟ್ಟ ದಾಟಿದರೆ ತಾನೇ ಎಳೆದು ಆಚೆ ಬಿಡುವ ಏರ್ಪಾಟು. ಸ್ಥಳೀಯರ ಜೊತೆ ಮಾತ್ರ ಹೋಗಲಿ. ಮೇಲೆ ಒಣಗಿ ಬಿರುಕು ಬಿಟ್ಟ ಕೆಸರು ಕಾಲಿಟ್ಟರೆ ಮೊಣಕಾಲಿನವರೆಗೆ ಎಳೆಯುವ ಜಾಗಗಳಿವೆ. ಅಜ್ಜಿಗೆ ಅದು ಆಗುವ ಮಾತಲ್ಲ.

ಅಜ್ಜಿಗೆ "ನಿಮ್ಮ ಮನೆ ತೋರಿಸುತ್ತೇವೆ" ಅಂತ ಮಾತು ಕೊಡಬೇಡಿ. ನೀರು ಇಳಿದರೂ ಕಾಣುವುದು ಕೆಂಪು ದಿಬ್ಬ, ಸತ್ತ ಮರದ ಬೊಡ್ಡೆ, ಅಲ್ಲಲ್ಲಿ ಸಾಲು ಕಲ್ಲು. ನನ್ನ ದೊಡ್ಡಪ್ಪ ಗುಡ್ಡಗಳ ಸಾಲು ನೋಡಿ "ಅದರ ಬುಡದಲ್ಲಿ ನಮ್ಮ ಕಣ" ಅಂತ ಲೆಕ್ಕ ಹಾಕುತ್ತಿದ್ದರು. ನೀರು ಎಷ್ಟೇ ಏರಲಿ, ಗುಡ್ಡದ ತಲೆ ಬದಲಾಗಲ್ಲ ಅಲ್ವಾ. ಹಾಗಾಗಿ ಅಜ್ಜಿಯನ್ನು ನೀರಿನ ಅಂಚಿಗೆ ಇಳಿಸುವ ಸಾಹಸ ಬೇಡ. ಎತ್ತರದ ದಡದಲ್ಲಿ, ಟಿಟಿ ಹೋಗುವಷ್ಟು ದೂರದಲ್ಲಿ ಕುರ್ಚಿ ಹಾಕಿ ಕೂರಿಸಿ. ಕೊಡಚಾದ್ರಿ ಯಾವ ಕಡೆ ಅಂತ ತೋರಿಸಿ. ಉಳಿದದ್ದನ್ನು ಅವರೇ ನಿಮಗೆ ತೋರಿಸುತ್ತಾರೆ. ಅವರ ಊರಿನ ಹೆಸರು ತುಮರಿಯ ಹಳಬರಿಗೆ ಹೇಳಿ ನೋಡಿ. ನೆಂಟಸ್ತನ ಹೊರಬಿದ್ದರೆ ನಿಮ್ಮ ಭಾವನ ಊಟದ ಚಿಂತೆ ಅಲ್ಲಿಗೇ ತೀರುತ್ತದೆ.

ಈಜಲು ಯಾರನ್ನೂ ಬಿಡಬೇಡಿ. ದಡ ಇದ್ದಕ್ಕಿದ್ದಂತೆ ಕಡಿದಾಗುತ್ತದೆ, ನೀರಿನ ಒಳಗೆ ಮರದ ಬೊಡ್ಡೆಗಳಿವೆ. ಲೈಫ್ ಜಾಕೆಟ್ ಇಲ್ಲದ ತೆಪ್ಪಕ್ಕೆ, ಯಾರು ಕರೆದರೂ, ಹತ್ತಬೇಡಿ. ಹುಡುಗರಿಗೆ ನೀರಾಟ ಬೇಕೇ ಬೇಕಾದರೆ ಸಾಗರದ ಕಡೆಯ ಹೊನ್ನೆಮರಡು ಇದೆ. ಅಲ್ಲಿ ಜಾಕೆಟ್ ಹಾಕಿಸಿ ಹೇಳಿಕೊಡುತ್ತಾರೆ.

ವಿಜಯನಗರದ ಅತ್ತೆ

ಗಂಡಸರು ಅಣೆಕಟ್ಟು, ಸೈಫನ್ ಅಂತ ಬರೆದರು. ಬಾತ್‌ರೂಮಿನ ವಿಷಯ ಯಾರೂ ಎತ್ತಲಿಲ್ಲ ನೋಡಿ! ಮಂಡಿ ನೋವಿನವರಿಗೆ ಕಮೋಡ್ ಮನೆ ಒಳಗೇ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಮಡಚುವ ಕಮೋಡ್ ಕುರ್ಚಿ ಟಿಟಿ ಹಿಂದೆ ಹಾಕಿಕೊಳ್ಳಿ, ನಾಚಿಕೆ ಏನಿಲ್ಲ. ಅಜ್ಜಿಯ ಮಾತ್ರೆಗಳನ್ನು ಎರಡು ಚೀಲದಲ್ಲಿ ಹಂಚಿಡಿ. ಫೋನ್ ನೆಟ್‌ವರ್ಕ್ ಅಲ್ಲಿ ಬರುತ್ತೆ ಹೋಗುತ್ತೆ, ನಗದು ಇರಲಿ. ಮಂಗಳವಾರ, ಶುಕ್ರವಾರ, ಭಾನುವಾರ ದೇವಸ್ಥಾನದಲ್ಲಿ ಜನ ಜಾಸ್ತಿ, ಆ ದಿನ ಬಿಟ್ಟು ಹೋಗಿ. ಸಂಜೆ ಗುಡುಗು ಮಳೆ ಬಂದರೆ ಕರೆಂಟು ಹೋಗುತ್ತದೆ, ಟಾರ್ಚ್ ಬೇಕು. ಮೇ ಅಂದರೆ ಹಲಸಿನ ಕಾಲ. ಹಣ್ಣಿನ ಕಡುಬು, ಅಪ್ಪೆಹುಳಿ ಮಾಡಿಕೊಡುತ್ತೀರಾ ಅಂತ ಹೋಮ್‌ಸ್ಟೇಯವರನ್ನು ಹಿಂದಿನ ದಿನವೇ ಕೇಳಿ. ಕೇಳದಿದ್ದರೆ ಬೆಂಗಳೂರಿನವರು ಅಂತ ಗೋಬಿ ಮಂಚೂರಿ ಮಾಡಿಡುತ್ತಾರೆ.

ಬಿ.ಎಚ್. ರಸ್ತೆ ಬಳಗ

ಗಾಡಿ ಎರಡು ಪಾಲು ಮಾಡಿದರೆ ಖರ್ಚು ಜಾಸ್ತಿ ಆಗಲ್ವಾ? ಟಿಟಿ ಬಾಡಿಗೆ ಹೇಗೂ ಪೂರ್ತಿ ಕೊಡಲೇಬೇಕು.

ತುಮರಿಯವನು

ಆಗುತ್ತದೆ. ಸ್ಲೀಪರ್ ಟಿಕೆಟಿನ ದುಡ್ಡು ಮೇಲೆ ಬೀಳುತ್ತದೆ, ಅಷ್ಟೇ. ಪ್ರವಾಸ ಅಜ್ಜಿಯದು. ಅವರು ಸುಸ್ತಾಗಿ ಬಂದು ಎರಡು ದಿನ ಮಲಗಿದರೆ ಉಳಿಸಿದ ದುಡ್ಡು ಯಾವ ಪುರುಷಾರ್ಥಕ್ಕೆ?

ಜಾಲಹಳ್ಳಿ ಮೊಮ್ಮಗಳು

ಎಲ್ಲರಿಗೂ ಥ್ಯಾಂಕ್ಸ್. ತುಮರಿಯವರು ಬರೆದದ್ದನ್ನು ಅಜ್ಜಿಗೆ ಓದಿ ಹೇಳಿದೆ. ಮನೆ ಕಾಣಲ್ಲ ಅಂದಿದ್ದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. "ಅದು ನಂಗೆ ಗೊತ್ತಿಲ್ವಾ" ಅಂದರು. ಮಡೆನೂರು ಡ್ಯಾಮ್ ಮಾತು ಬಂದಾಗ ಮಾತ್ರ ಎದ್ದು ಕೂತರು. ಚಿಕ್ಕವರಿದ್ದಾಗ ಅದರ ಮೇಲೆ ನಡೆದಿದ್ದರಂತೆ. ನಮಗ್ಯಾರಿಗೂ ಇದು ಗೊತ್ತೇ ಇರಲಿಲ್ಲ. ಈಗ ಹುಡುಗರಿಗೆ ಕೆಲಸ ಹಚ್ಚಿದ್ದಾರೆ, ಅಲ್ಲಿಂದ ವಿಡಿಯೋ ಮಾಡಿಕೊಂಡು ಬಂದು ತೋರಿಸಬೇಕಂತೆ.

ಚಿಕ್ಕಪ್ಪ ಅರ್ಧ ಒಪ್ಪಿದ್ದಾರೆ. ಒಂದು ರಾತ್ರಿ ಆಚೆ ದಡ, ಒಂದು ರಾತ್ರಿ ಸಾಗರ. ಅಜ್ಜಿ, ಅಮ್ಮ ಒಂದು ಟಿಕೆಟ್. ಅತ್ತಿಗೆ, ಮಗು, ನಾನು ಇನ್ನೊಂದು. ಬುಧವಾರ ರಾತ್ರಿ ಹೊರಟು ಗುರುವಾರ ಬೆಳಗ್ಗೆ ದರ್ಶನ. ಜೋಗ ಇಲ್ಲ. ಭಾವನಿಗೆ ಹಲಸಿನ ಕಡುಬಿನ ಸುದ್ದಿ ಮುಟ್ಟಿದೆ, ಅವರ ಕಡೆಯಿಂದ ಇನ್ನು ತಕರಾರಿಲ್ಲ.

ವಿಜಯನಗರದ ಅತ್ತೆ

ಟಿಟಿ ಡ್ರೈವರ್‌ಗೆ ಮಲಗಲು ಜಾಗ ಕೇಳಿದ್ದೀರಾ? ಅವರೂ ಸೇರಿ 18.